ಎರಡನೇ ಶನಿವಾರ ಮೂರೂವರೆಗೆ: ಮಹಿಳಾ ಮಂಡಳಿ ನಡೆಸುವುದು ಹೇಗೆ

ಶಿವಮೊಗ್ಗದ ನಮ್ಮ ಬಡಾವಣೆಯ ಮಹಿಳಾ ಮಂಡಳಿಗೆ ನಾನು ಒಂಬತ್ತು ವರ್ಷ ಕಾರ್ಯದರ್ಶಿಯಾಗಿದ್ದೆ. ಈಗ ಆ ಕೆಲಸ ಬೇರೆಯವರು ನೋಡಿಕೊಳ್ಳುತ್ತಿದ್ದಾರೆ. ಆದರೂ ಬೇರೆ ಊರಿನ ಗೆಳತಿಯರು ಫೋನ್ ಮಾಡಿ "ನಮ್ಮಲ್ಲೂ ಒಂದು ಮಂಡಳಿ ಶುರು ಮಾಡಬೇಕು, ಹೇಗೆ ಮಾಡೋದು?" ಎಂದು ಕೇಳುತ್ತಲೇ ಇರುತ್ತಾರೆ. ಇನ್ನು ಕೆಲವರು "ಶುರು ಮಾಡಿದ್ವಿ, ಆರು ತಿಂಗಳಿಗೆ ನಿಂತೇ ಹೋಯಿತು" ಎಂದು ಬೇಜಾರು ಮಾಡಿಕೊಳ್ಳುತ್ತಾರೆ. ಅವರಿಗೆಲ್ಲ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯಾವ ನಿಯಮ ಮಾಡುವಾಗಲೂ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತಿದ್ದೆ. ನಮ್ಮಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವ, ಕೈಯಲ್ಲಿ ಎಲ್ಲರಿಗಿಂತ ಕಡಿಮೆ ದುಡ್ಡಿರುವ ಹೆಂಗಸು ಮುಂದಿನ ತಿಂಗಳೂ ಬರುತ್ತಾರಾ? ಅವರು ಬರುತ್ತಾರೆ ಅಂದರೆ ಉಳಿದವರೂ ಬರುತ್ತಾರೆ. ಕೆಳಗೆ ಬರೆದದ್ದೆಲ್ಲ ಇದೇ ಲೆಕ್ಕದಲ್ಲಿ ಬಂದದ್ದು.

ದಿನ, ಹೊತ್ತು, ಜಾಗ

ಮೊದಲು ದಿನ ಗಟ್ಟಿ ಮಾಡಿ. ನಮ್ಮದು ತಿಂಗಳ ಎರಡನೇ ಶನಿವಾರ, ಮಧ್ಯಾಹ್ನ ಮೂರೂವರೆಯಿಂದ ಐದು. ಎರಡನೇ ಶನಿವಾರ ಬ್ಯಾಂಕಿಗೂ ಸರ್ಕಾರಿ ಕಚೇರಿಗೂ ರಜೆ, ಹಾಗಾಗಿ ಕೆಲಸಕ್ಕೆ ಹೋಗುವವರೂ ಬರಬಹುದು. ಮೂರೂವರೆ ಹೊತ್ತಿಗೆ ಊಟದ ಪಾತ್ರೆ ತೊಳೆದಾಗಿರುತ್ತದೆ, ದೇವರ ದೀಪ ಹಚ್ಚಲು ಇನ್ನೂ ಸಮಯ ಇರುತ್ತದೆ. ನಿಮ್ಮ ಊರಲ್ಲಿ ನೀರು ಬಿಡುವ ಹೊತ್ತು ಯಾವುದು, ಶಾಲೆ ಬಿಡುವ ಹೊತ್ತು ಯಾವುದು, ಡೇರಿಗೆ ಹಾಲು ಹಾಕುವವರು ಎಷ್ಟು ಜನ ಇದ್ದಾರೆ ಎಂದು ನೋಡಿಕೊಂಡು ನಿಮ್ಮ ಸಮಯ ಗೊತ್ತು ಮಾಡಿ. ತೋಟ ಇರುವ ಊರಾದರೆ ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಜನ ಕಡಿಮೆ ಬರುತ್ತಾರೆ. ಅದಕ್ಕೆ ಬೇಸರ ಬೇಡ, ಆ ತಿಂಗಳು ಸಣ್ಣ ಕಾರ್ಯಕ್ರಮ ಇಟ್ಟುಕೊಂಡರಾಯಿತು.

ಗೊತ್ತು ಮಾಡಿದ ದಿನ ಬದಲಾಯಿಸಬೇಡಿ. ಅಧ್ಯಕ್ಷರ ಮನೆಯಲ್ಲಿ ಮದುವೆ, ಕಾರ್ಯದರ್ಶಿಗೆ ಜ್ವರ, ಏನೇ ಇರಲಿ. ಒಂದು ಸಲ ಮುಂದೂಡಿದರೆ ಮುಂದಿನ ತಿಂಗಳು ಹತ್ತು ಜನ "ಇದೆಯೋ ಇಲ್ಲವೋ" ಎಂದು ಕೇಳುತ್ತಾರೆ, ಅದರ ಮುಂದಿನ ತಿಂಗಳು ಕೇಳುವುದನ್ನೂ ಬಿಡುತ್ತಾರೆ. ಒಂದು ವರ್ಷ ಪುನರ್ವಸು ಮಳೆ ಹಿಡಿದು ರಸ್ತೆಯೇ ಕಾಣುತ್ತಿರಲಿಲ್ಲ, ಐದೇ ಜನ ಬಂದಿದ್ದೆವು. ಹಾಜರಿ ಹಾಕಿದೆವು, ಲೆಕ್ಕ ಓದಿದೆವು, ಬಿಸಿ ಕಷಾಯ ಕುಡಿದು ಮನೆಗೆ ಹೋದೆವು. ಸಭೆ ನಡೆಯಿತು ಎಂಬ ಸುದ್ದಿಯೇ ಮುಂದಿನ ತಿಂಗಳು ಎಲ್ಲರನ್ನೂ ಕರೆತಂದಿತು.

ಹಾಗೆಯೇ ಐದು ಎಂದರೆ ಐದಕ್ಕೆ ಮುಗಿಸಿ. ಮನೆಯಲ್ಲಿ "ಐದಕ್ಕೆ ಬರ್ತೀನಿ" ಎಂದು ಹೇಳಿ ಬಂದ ಸೊಸೆ ಆರಕ್ಕೆ ವಾಪಸ್ ಹೋದರೆ ಅವಳು ಅಲ್ಲಿ ಉತ್ತರ ಕೊಡಬೇಕಾಗುತ್ತದೆ. ನಿಲ್ಲಬೇಕು ಎನ್ನುವವರು ಆಮೇಲೆ ನಿಂತು ಮಾತಾಡಲಿ, ಹೊರಡುವವರು ಸಂಕೋಚ ಇಲ್ಲದೆ ಹೊರಡುವಂತಿರಲಿ.

ಜಾಗಕ್ಕೆ ಸಮುದಾಯ ಭವನ, ಶಾಲೆಯ ಕೊಠಡಿ, ದೇವಸ್ಥಾನದ ಪಕ್ಕದ ಹಾಲ್, ಯಾವುದಾದರೂ ಸರಿ. ಮೂರು ವಿಷಯ ನೋಡಿ: ಮೆಟ್ಟಿಲು ಹತ್ತುವಂತಿರಬಾರದು, ಮಂಡಿ ನೋವಿನವರಿಗೆ ಕುರ್ಚಿ ಇರಬೇಕು, ಬಳಸುವಂಥ ಶೌಚಾಲಯ ಇರಬೇಕು. ಸರದಿಯಂತೆ ಮನೆಗಳಲ್ಲಿ ಸೇರುವುದೂ ಚಂದವೇ. ಆದರೆ ಎರಡು ರೂಮಿನ ಬಾಡಿಗೆ ಮನೆಯವರು ತಮ್ಮ ಸರದಿ ಬಂದಾಗ ಒದ್ದಾಡುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ. ಅದಕ್ಕೇ ನಾವು ಮನೆಯಿಂದ ಹಾಲ್‌ಗೆ ಬಂದೆವು.

ಒಂದೂವರೆ ಗಂಟೆ ಹೇಗೆ ಹಂಚುವುದು

ಮೊದಲು ಒಂದು ಹಾಡು. ದೇವರ ಹಾಡೇ ಆಗಬೇಕು ಎಂದಿಲ್ಲ, ಭಾವಗೀತೆ, ಜಾನಪದ, ತೊಟ್ಟಿಲ ಹಾಡು, ಯಾವುದಾದರೂ ಆಗಬಹುದು. ಪ್ರತಿ ತಿಂಗಳೂ ಚೆನ್ನಾಗಿ ಹಾಡುವವರೇ ಹಾಡಬಾರದು, ಇಷ್ಟೇ ನಿಯಮ. ಆಮೇಲೆ ಕಳೆದ ತಿಂಗಳ ನಡವಳಿ, ಅಂದರೆ ಸಭೆಯಲ್ಲಿ ಏನೇನು ನಡೆಯಿತು ಎಂದು ಬರೆದಿಟ್ಟದ್ದನ್ನು ಓದಿ, ಲೆಕ್ಕ ಓದಿ. ಎರಡೂ ಸೇರಿ ಹತ್ತು ನಿಮಿಷ ಸಾಕು.

ಅದಾದ ಮೇಲೆ ನಾವು "ಸುತ್ತು ಮಾತು" ಎಂದು ಕರೆಯುವ ಭಾಗ ಬರುತ್ತದೆ. ಇದನ್ನು ದಯವಿಟ್ಟು ಬಿಡಬೇಡಿ. ವೃತ್ತಾಕಾರವಾಗಿ ಕೂತು ಒಬ್ಬೊಬ್ಬರೂ ಒಂದು ನಿಮಿಷ ಮಾತಾಡಬೇಕು. ಈ ತಿಂಗಳು ಮನೆಯಲ್ಲಿ ಏನಾಯಿತು, ಏನು ಕಲಿತೆ, ಏನು ಬೇಕು, ಏನಾದರೂ ಹೇಳಬಹುದು. ಹೇಳಲು ಇಷ್ಟ ಇಲ್ಲದಿದ್ದರೆ "ಮುಂದೆ" ಎಂದರೆ ಸಾಕು, ಯಾರೂ ಒತ್ತಾಯ ಮಾಡಬಾರದು. ಒಬ್ಬರು ಎಂಟು ತಿಂಗಳು "ಮುಂದೆ" ಎಂದೇ ಹೇಳಿದರು. ಒಂಬತ್ತನೇ ತಿಂಗಳು "ನನ್ನ ಮಗಳಿಗೆ ಓದಲು ದಿನಾ ಸಂಜೆ ಎರಡು ಗಂಟೆ ಜಾಗ ಬೇಕು, ನಮ್ಮನೆಯಲ್ಲಿ ಗಲಾಟೆ ಜಾಸ್ತಿ" ಎಂದರು. ಅದೇ ದಿನ ಮೂರು ಜನ ತಮ್ಮ ಮನೆಗೆ ಕಳಿಸಿ ಎಂದರು. ಆ ಹುಡುಗಿ ಒಂದು ವರ್ಷ ನಮ್ಮ ಪಕ್ಕದ ಮನೆಯ ಜಗುಲಿಯಲ್ಲಿ ಓದಿದಳು. ಎಂಟು ತಿಂಗಳು ನಾವು ಸುಮ್ನೆ ಕಾಯದೇ ಹೋಗಿದ್ದರೆ ಆ ಮಾತು ಬರುತ್ತಲೇ ಇರಲಿಲ್ಲ.

ಸುತ್ತು ಮಾತಿನಲ್ಲಿ ಬಂದ ಮನೆಯ ಕಷ್ಟವನ್ನು ಹೊರಗೆ ಆಡುವಂತಿಲ್ಲ. ಇದನ್ನು ಪ್ರತಿ ಸಭೆಯಲ್ಲೂ ಒಂದು ಸಲ ಗಟ್ಟಿಯಾಗಿ ಹೇಳಿ. ಒಬ್ಬರ ಮಾತು ಬೀದಿಗೆ ಬಿದ್ದರೆ ಇನ್ಯಾರೂ ಬಾಯಿ ತೆರೆಯುವುದಿಲ್ಲ.

ಉಳಿದ ನಲವತ್ತು ನಿಮಿಷ ಆ ತಿಂಗಳ ಕಾರ್ಯಕ್ರಮ. ಕೊನೆಗೆ ತಿಂಡಿ, ಮುಂದಿನ ತಿಂಗಳ ವಿಷಯ, ಅದಕ್ಕೆ ಯಾರು ಏನು ಮಾಡುತ್ತಾರೆ ಎಂದು ಹೆಸರು ಬರೆದುಕೊಳ್ಳುವುದು. ಹೆಸರು ಬರೆಯದೆ "ಎಲ್ಲರೂ ಸೇರಿ ಮಾಡೋಣ" ಎಂದು ಬಿಟ್ಟರೆ ಅದು ಕೊನೆಗೆ ಕಾರ್ಯದರ್ಶಿಯ ತಲೆಗೇ ಬರುತ್ತದೆ.

ಒಂದೇ ತಿಂಡಿ

ಸಣ್ಣ ವಿಷಯದ ಹಾಗೆ ಕಾಣುತ್ತದೆ. ಆದರೆ ಮಂಡಳಿಗಳು ಮುರಿದು ಬೀಳುವುದು ಇಲ್ಲೇ. ನಮ್ಮಲ್ಲಿ ಮೊದಮೊದಲು ಸರದಿಯಂತೆ ಒಬ್ಬೊಬ್ಬರು ತಿಂಡಿ ತರುತ್ತಿದ್ದರು. ಒಬ್ಬರು ಅವಲಕ್ಕಿ ತಂದರು. ಮುಂದಿನ ತಿಂಗಳಿನವರು ಉಪ್ಪಿಟ್ಟು ಮತ್ತು ಕೇಸರಿಬಾತ್ ತಂದರು. ಅದರ ಮುಂದಿನವರು ಹೋಳಿಗೆ, ಅಂಬೊಡೆ, ಪುಳಿಯೋಗರೆ ಎಲ್ಲ ಮಾಡಿದರು, ಎಲ್ಲರೂ ಹೊಗಳಿದೆವು. ನಾಲ್ಕನೇ ಸರದಿಯವರು ಮೈಸರಿಯಿಲ್ಲ ಎಂದು ಬರಲೇ ಇಲ್ಲ. ಐದನೇ ತಿಂಗಳೂ ಇಲ್ಲ. ನಾನೇ ಮನೆಗೆ ಹೋಗಿ ಮಾತಾಡಿಸಿದಾಗ ತುಂಬಾ ಹೊತ್ತಿನ ಮೇಲೆ ಹೇಳಿದರು, "ಇಪ್ಪತ್ತೈದು ಜನಕ್ಕೆ ಅಷ್ಟೆಲ್ಲ ಮಾಡಲು ನನ್ನಿಂದ ಆಗಲ್ಲ ಅಕ್ಕ."

ಮುಂದಿನ ಸಭೆಯಲ್ಲೇ ನಿಯಮ ಮಾಡಿದೆವು. ತಿಂಡಿ ಒಂದೇ, ಕುಡಿಯಲು ಒಂದೇ. ಖರ್ಚು ಮಂಡಳಿಯದು, ಮಾಡುವುದು ಇಬ್ಬರು ಸೇರಿ. ಮಂಡಕ್ಕಿ ಉಸುಲಿ, ಅವಲಕ್ಕಿ, ಕೋಸಂಬರಿ, ಮಳೆಗಾಲದಲ್ಲಿ ಪತ್ರೊಡೆ, ಜೊತೆಗೆ ಕಷಾಯ ಅಥವಾ ಪಾನಕ. ಯಾರಾದರೂ ಪ್ರೀತಿಯಿಂದ ಜಾಸ್ತಿ ಮಾಡಿ ತಂದರೂ ಹಾಲ್‌ನಲ್ಲಿ ಬಡಿಸುವುದಿಲ್ಲ. ಕಟ್ಟುನಿಟ್ಟು ಎನಿಸಬಹುದು, ಆದರೆ ಆ ಗೆಳತಿ ವಾಪಸ್ ಬಂದರು. ಎರಡು ವರ್ಷದ ಮೇಲೆ ಖಜಾಂಚಿಯೂ ಆದರು.

ಅರಿಶಿನ ಕುಂಕುಮದ ವಿಚಾರ

ನಮ್ಮ ಕಡೆ ಹೆಂಗಸರು ಸೇರಿದರೆ ಅರಿಶಿನ ಕುಂಕುಮ, ಹೂವು, ಎಲೆ ಅಡಿಕೆ ಕೊಡುವುದು ರೂಢಿ. ಆಗ ಮೂಲೆಯಲ್ಲಿ ಕೂತ ಕೆಲವರು ತಟ್ಟೆ ಹತ್ತಿರ ಬರುವ ಮೊದಲೇ ಎದ್ದು ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋಗುವುದನ್ನು ನೀವೂ ನೋಡಿರಬಹುದು. ಗಂಡನನ್ನು ಕಳೆದುಕೊಂಡವರು. ನಮ್ಮ ಮಂಡಳಿಯ ಅತ್ಯಂತ ಚುರುಕಾದ ಸದಸ್ಯೆಯೊಬ್ಬರು ಹಾಗೆ ಎದ್ದು ಹೋದದ್ದನ್ನು ಕಂಡು ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಇದನ್ನು ಸಭೆಯಲ್ಲಿ ನೇರವಾಗಿ ಮಾತಾಡಿದೆವು. ಸುಲಭವಾಗಿರಲಿಲ್ಲ. ಹಿರಿಯರು ಕೆಲವರು ಒಪ್ಪಲಿಲ್ಲ, ಎರಡು ಸಭೆ ಇದೇ ಚರ್ಚೆ ನಡೆಯಿತು. ಕೊನೆಗೆ ನಿರ್ಧಾರ ಮಾಡಿದ್ದು ಹೀಗೆ: ಮಂಡಳಿಯ ಸಭೆಯಲ್ಲಿ ಏನು ಕೊಟ್ಟರೂ ಬಂದ ಎಲ್ಲ ಹೆಂಗಸರಿಗೂ ಕೊಡಬೇಕು, ಇಲ್ಲದಿದ್ದರೆ ಯಾರಿಗೂ ಕೊಡಬಾರದು. ಹಾಗಾಗಿ ಈಗ ಎಲ್ಲರಿಗೂ ಹೂವು ಕೊಡುತ್ತೇವೆ. ಬೇಕಾದವರು ಮುಡಿಯುತ್ತಾರೆ, ಬೇಡದವರು ಕೈಯಲ್ಲಿ ಹಿಡಿದುಕೊಂಡು ಹೋಗುತ್ತಾರೆ. ಪೂಜೆ, ವ್ರತ ಅವರವರ ಮನೆಯಲ್ಲಿ. ಇದರಿಂದ ಇನ್ನೊಂದು ಒಳ್ಳೆಯದಾಯಿತು. ಅಕ್ಕಪಕ್ಕದ ಮುಸ್ಲಿಂ ಮತ್ತು ಕ್ರಿಶ್ಚಿಯನ್ ಮನೆಯ ಹೆಂಗಸರು "ಅದು ಪೂಜೆ ಮಾಡುವವರ ಗುಂಪು" ಎಂದು ದೂರ ಇದ್ದವರು ಬರಲು ಶುರು ಮಾಡಿದರು. ಹೊಸದಾಗಿ ಶುರು ಮಾಡುವವರು ಇದನ್ನು ಮೊದಲ ಸಭೆಯಲ್ಲೇ ತೀರ್ಮಾನ ಮಾಡಿಬಿಡಿ, ಆಮೇಲೆ ಬದಲಾಯಿಸುವುದು ಕಷ್ಟ.

ದುಡ್ಡು

ತಿಂಗಳಿಗೆ 50 ರೂಪಾಯಿ ಇಟ್ಟುಕೊಳ್ಳಿ. ಇಪ್ಪತ್ನಾಲ್ಕು ಜನ ಇದ್ದರೆ 1,200 ರೂಪಾಯಿ ಆಗುತ್ತದೆ, ತಿಂಡಿಗೂ ಹಾಲ್ ಗುಡಿಸುವವರಿಗೂ ಕೊಟ್ಟು ಸ್ವಲ್ಪ ಉಳಿಯುತ್ತದೆ. 50 ಕೊಡುವುದೂ ಕಷ್ಟ ಎನ್ನುವವರಿದ್ದರೆ ಅವರು ಕಾರ್ಯದರ್ಶಿಗೆ ಒಬ್ಬರೇ ಇದ್ದಾಗ ಹೇಳಲಿ. ಬಾಕಿ ಇರುವವರ ಹೆಸರನ್ನು ಸಭೆಯಲ್ಲಿ ಯಾವತ್ತೂ ಓದಬೇಡಿ.

ಲೆಕ್ಕವನ್ನು ಮಾತ್ರ ಪ್ರತಿ ತಿಂಗಳೂ ಗಟ್ಟಿಯಾಗಿ ಓದಿ. ಬಂದದ್ದು ಎಷ್ಟು, ಹೋದದ್ದು ಯಾವುದಕ್ಕೆ, ಕೈಯಲ್ಲಿ ಎಷ್ಟು, ಬ್ಯಾಂಕಿನಲ್ಲಿ ಎಷ್ಟು. ಮೂರು ನಿಮಿಷದ ಕೆಲಸ. ಹತ್ತು ರೂಪಾಯಿ ಕೊಟ್ಟರೂ ರಸೀದಿ ಹರಿಯಿರಿ. ಬ್ಯಾಂಕ್ ಖಾತೆಯನ್ನು ಮಂಡಳಿಯ ಹೆಸರಲ್ಲೇ ತೆರೆಯಿರಿ, ಅಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿ ಮೂವರಲ್ಲಿ ಇಬ್ಬರ ಸಹಿ ಇದ್ದರೆ ಮಾತ್ರ ಹಣ ತೆಗೆಯುವಂತಿರಲಿ. ಫೋನಿನಲ್ಲಿ ಹಣ ಕಳಿಸುವವರು ಖಜಾಂಚಿಯ ಸ್ವಂತ ಖಾತೆಗೆ ಕಳಿಸಬಾರದು. ಅವರ ಮೇಲೆ ನಂಬಿಕೆ ಇಲ್ಲದೆ ಹೇಳುತ್ತಿಲ್ಲ, ನಾಳೆ ಅವರ ಮೇಲೆ ಒಂದು ಮಾತು ಬಾರದಿರಲಿ ಎಂದು.

ಚೀಟಿ ವ್ಯವಹಾರವನ್ನು ಮಂಡಳಿಯೊಳಗೆ ತರಬೇಡಿ. ಇದು ಪೆಟ್ಟು ತಿಂದು ಕಲಿತದ್ದು. ನಮ್ಮಲ್ಲೇ ಕೆಲವರು ಸೇರಿ ಚೀಟಿ ಶುರು ಮಾಡಿದರು, ಸಭೆ ದಿನವೇ ಕೂಗುತ್ತಿದ್ದರು. ಮೊದಲೇ ಎತ್ತಿಕೊಂಡ ಒಬ್ಬರು ಮನೆಯ ತಾಪತ್ರಯದಿಂದ ಕಂತು ನಿಲ್ಲಿಸಿದರು. ಅಲ್ಲಿಂದ ಮಾತು ಬೆಳೆದು ಏಳು ಜನ ಮಂಡಳಿಯನ್ನೇ ಬಿಟ್ಟರು, ಮೂವರು ಇವತ್ತಿಗೂ ನಮ್ಮನ್ನು ಕಂಡರೆ ರಸ್ತೆ ದಾಟುತ್ತಾರೆ. ಚೀಟಿಗೆ 1982ರ ಚಿಟ್ ಫಂಡ್ ಕಾಯ್ದೆ ಎಂಬ ಬೇರೆಯೇ ಕಾನೂನು ಇದೆ, ಅದು ಮಂಡಳಿಯ ಕೆಲಸ ಅಲ್ಲವೇ ಅಲ್ಲ.

ಉಳಿತಾಯ, ಸಾಲ ಬೇಕು ಎನ್ನುವವರಿಗೆ ಸ್ವಸಹಾಯ ಸಂಘ ಇದೆ. ಹತ್ತರಿಂದ ಇಪ್ಪತ್ತು ಜನ ಸೇರಿ ಮಾಡಬಹುದು. ಇಂಥ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸವನ್ನು ಕೃಷಿ ಮತ್ತು ಹಳ್ಳಿಗಳ ಅಭಿವೃದ್ಧಿಯ ಬ್ಯಾಂಕ್ ನಬಾರ್ಡ್ 1992ರಲ್ಲೇ ಶುರು ಮಾಡಿತು. ನಮ್ಮ ರಾಜ್ಯದ ಸ್ತ್ರೀಶಕ್ತಿ ಯೋಜನೆ 2000ದಿಂದ ಇದೆ, ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ಹೇಳುತ್ತಾರೆ. ಅದಕ್ಕೆ ಬೇರೆ ದಿನ, ಬೇರೆ ಪುಸ್ತಕ, ಬೇರೆ ಖಾತೆ ಇರಲಿ.

ವರ್ಷದ ಕಾರ್ಯಕ್ರಮಗಳು

ಯುಗಾದಿ ಆದ ಮೇಲಿನ ಸಭೆಯಲ್ಲೇ ಇಡೀ ವರ್ಷದ ಪಟ್ಟಿ ಮಾಡಿಬಿಡಿ. ಒಂದು ತಿಂಗಳು ತಿಳಿವಳಿಕೆಯ ವಿಷಯ, ಒಂದು ತಿಂಗಳು ಕೈಕೆಲಸ ಅಥವಾ ಹಾಡು ಆಟ ಎಂದು ಬದಲಾಯಿಸುತ್ತಾ ಹೋದರೆ ಯಾರಿಗೂ ಬೇಸರ ಬರುವುದಿಲ್ಲ.

ತಿಳಿವಳಿಕೆಯ ಕಾರ್ಯಕ್ರಮಕ್ಕೆ ಹೊರಗಿನವರನ್ನು ಕರೆಯುವುದಾದರೆ ಒಂದು ತಿಂಗಳು ಮೊದಲೇ ಪತ್ರ ಕೊಡಿ. ಅದಕ್ಕಿಂತ ಮುಖ್ಯವಾದದ್ದು ಪ್ರಶ್ನೆ ಡಬ್ಬಿ. ಹಳೆಯ ಬಿಸ್ಕತ್ ಡಬ್ಬಿಗೆ ಒಂದು ತೂತು ಮಾಡಿ, ಹಿಂದಿನ ಸಭೆಯಲ್ಲೇ ಇಟ್ಟು, ಹೆಸರಿಲ್ಲದ ಚೀಟಿಯಲ್ಲಿ ಪ್ರಶ್ನೆ ಬರೆದು ಹಾಕಲು ಹೇಳಿ. ಬರೆಯಲು ಬಾರದವರಿಗೆ ನಂಬಿಕೆಯ ಒಬ್ಬರು ಪಕ್ಕದಲ್ಲಿ ಕೂತು ಬರೆದುಕೊಡಲಿ. ಡಾಕ್ಟರಮ್ಮ ಬಂದ ದಿನ "ಏನಾದರೂ ಪ್ರಶ್ನೆ ಇದೆಯಾ?" ಎಂದಾಗ ಯಾರೂ ಕೈ ಎತ್ತಲಿಲ್ಲ. ಡಬ್ಬಿ ಬಿಚ್ಚಿದಾಗ ಹತ್ತೊಂಬತ್ತು ಚೀಟಿ ಇತ್ತು. ಬಿಳಿ ಸೆರಗು, ಮುಟ್ಟು ನಿಲ್ಲುವ ಕಾಲದ ಸಿಟ್ಟು ಮತ್ತು ಬೆವರು, ಕೆಮ್ಮಿದರೆ ಮೂತ್ರ ಹೋಗುವುದು, ಇವೆಲ್ಲ ವರ್ಷಗಟ್ಟಲೆ ಯಾರಿಗೂ ಹೇಳದೆ ಇಟ್ಟುಕೊಂಡ ಪ್ರಶ್ನೆಗಳು. ಅವತ್ತೇ ನಮಗೆ ಇನ್ನೊಂದೂ ಗೊತ್ತಾಯಿತು. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲೇ ಬಿಪಿ, ಶುಗರ್ ಜೊತೆಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯೂ ಇದೆಯಂತೆ. ಮುಂದಿನ ವಾರ ಆರು ಜನ ಒಟ್ಟಿಗೆ ಹೋದೆವು. ಒಬ್ಬರೇ ಹೋಗಲು ಹೆದರಿಕೆ, ಆರು ಜನ ಹೋದರೆ ಇರುವುದಿಲ್ಲ ಅಲ್ವಾ.

ಕಾನೂನಿನ ಬಗ್ಗೆ ಮಾತಾಡಿಸಲು ಜಿಲ್ಲಾ ಅಥವಾ ತಾಲ್ಲೂಕು ಕಾನೂನು ಸೇವೆಗಳ ಕಚೇರಿಗೆ ಪತ್ರ ಕೊಡಿ, ಸಾಮಾನ್ಯವಾಗಿ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತವಾಗಿ ವಕೀಲರ ನೆರವು ಸಿಗುತ್ತದೆ ಎಂಬುದು ನಮ್ಮಲ್ಲಿ ಮುಕ್ಕಾಲು ಜನಕ್ಕೆ ಗೊತ್ತಿರಲಿಲ್ಲ. ಹೆಣ್ಣುಮಕ್ಕಳಿಗೆ ಹಿರಿಯರ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಬಗ್ಗೆ ಅವತ್ತು ನಡೆದ ಚರ್ಚೆ ಐದಕ್ಕೆ ಮುಗಿಯಲೇ ಇಲ್ಲ, ಇನ್ನೊಂದು ತಿಂಗಳು ಅದಕ್ಕೇ ಕೊಟ್ಟೆವು. ಕೆಲವು ನಂಬರ್‌ಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಹಾಲ್‌ನ ಗೋಡೆಗೆ ಅಂಟಿಸಿ: ಮಹಿಳಾ ಸಹಾಯವಾಣಿ 181, ಕಾನೂನು ನೆರವು 15100, ಆನ್‌ಲೈನ್‌ನಲ್ಲಿ ಹಣ ಹೋದರೆ 1930. ಹಣ ಹೋದ ತಕ್ಷಣ, ನಾಚಿಕೆಪಟ್ಟು ಕೂರದೆ, 1930ಕ್ಕೆ ಫೋನ್ ಮಾಡಬೇಕು ಎಂದು ಎಲ್ಲರಿಂದಲೂ ಬಾಯಲ್ಲಿ ಹೇಳಿಸಿ.

ಬ್ಯಾಂಕಿನವರನ್ನು ಕರೆದರೆ ಭಾಷಣ ಬೇಡ ಎನ್ನಿ, ಫಾರಂ ತರಲು ಹೇಳಿ. ವರ್ಷಕ್ಕೆ 20 ರೂಪಾಯಿಗೆ ಎರಡು ಲಕ್ಷದ ಅಪಘಾತ ವಿಮೆ ಇರುವುದನ್ನು ಹೇಳಿ, ಅಲ್ಲೇ ತುಂಬಿಸಿಬಿಟ್ಟರೆ ಕೆಲಸ ಆಗುತ್ತದೆ. ಮನೆಗೆ ಹೋಗಿ ತುಂಬುತ್ತೇವೆ ಎಂದರೆ ಆಗುವುದಿಲ್ಲ.

ಇನ್ನು ಕೈಕೆಲಸದ ವಿಷಯ. ನಮ್ಮ ಮಲೆನಾಡಿನಲ್ಲಿ ಜೂನ್ ಸಭೆ ಎಂದರೆ ಡೇರೆ (ಡೇಲಿಯಾ) ಹೂವಿನ ಗೆಡ್ಡೆಯ ಸಭೆ. ಮಳೆ ಹಿಡಿಯುವ ಮುಂಚೆ ಒಬ್ಬೊಬ್ಬರೂ ತಮ್ಮಲ್ಲಿರುವ ಡೇರೆ ಗೆಡ್ಡೆ, ಸೇವಂತಿಗೆ ಸಸಿ, ದಾಸವಾಳದ ಕಡ್ಡಿ ತಂದು ಬದಲಾಯಿಸಿಕೊಳ್ಳುತ್ತಾರೆ. ಬಣ್ಣದ ಹೆಸರು ಬರೆದು ಚೀಟಿ ಕಟ್ಟಿ ತರಲು ಹೇಳಿ. ಇದಕ್ಕೆ ಖರ್ಚೇ ಇಲ್ಲ, ಹಾಜರಿ ಮಾತ್ರ ಇಡೀ ವರ್ಷದಲ್ಲೇ ಹೆಚ್ಚು. ಅಂಗಳ ಇಲ್ಲದವರು ಡಬ್ಬದಲ್ಲಿ ನೆಡುತ್ತಾರೆ. ಹೂ ಬಿಟ್ಟ ಮೇಲೆ ಗೌರಿ ಹಬ್ಬದ ಹೊತ್ತಿಗೆ ಒಬ್ಬರ ಮನೆಗೆ ಇನ್ನೊಬ್ಬರು ನೋಡಲು ಹೋಗುತ್ತಾರೆ.

ಒಂದು ವರ್ಷ ಸಾಗರದ ಕಡೆಯಿಂದ ದೀವರ ಸಮುದಾಯದ ಹಿರಿಯರೊಬ್ಬರನ್ನು ಕರೆಸಿ ಅವರ ಮನೆಗೋಡೆಯ ಮೇಲೆ ಬಿಡಿಸುವ ಹಸೆ ಚಿತ್ತಾರ ಕಲಿತೆವು. ಕೆಮ್ಮಣ್ಣು, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಗೆರೆ ಎಳೆಯುವುದು ನೋಡಿದಷ್ಟು ಸುಲಭ ಅಲ್ಲ. ಇಲ್ಲೊಂದು ಮಾತು ಹೇಳಲೇಬೇಕು. ಹೀಗೆ ಕಲಿಸಲು ಬಂದವರಿಗೆ ಶಾಲು ಹಣ್ಣು ಕೊಟ್ಟು ಕಳಿಸಿಬಿಡಬೇಡಿ. ಬಸ್ ಖರ್ಚು ಬೇರೆ, ಒಂದು ದಿನದ ಸಂಭಾವನೆ ಬೇರೆ, ಮೊದಲೇ ಮಾತಾಡಿ ಕವರ್‌ನಲ್ಲಿ ಹಾಕಿ ಕೊಡಿ. ಹೆಂಗಸರ ಕೈಕೆಲಸಕ್ಕೆ ಹೆಂಗಸರೇ ಬೆಲೆ ಕೊಡದಿದ್ದರೆ ಇನ್ಯಾರು ಕೊಡುತ್ತಾರೆ?

ಹಾಗೆಯೇ ಒಂದು ದಪ್ಪ ನೋಟ್‌ಬುಕ್ ಇಟ್ಟು ಹಿರಿಯರ ಬಾಯಲ್ಲಿರುವ ಹಸೆ ಹಾಡು, ಆರತಿ ಹಾಡು, ಬೀಸುವ ಹಾಡು ಬರೆಸಿಕೊಳ್ಳಿ, ಫೋನಿನಲ್ಲಿ ಧ್ವನಿಯೂ ಇರಲಿ. ನಾವು ಶುರು ಮಾಡಿದ್ದು ತಡವಾಯಿತು. ಇಬ್ಬರು ಅಜ್ಜಿಯರ ಹಾಡುಗಳು ಅವರ ಜೊತೆಗೇ ಹೋದವು.

ಪ್ರವಾಸ ವರ್ಷಕ್ಕೊಂದು ಸಾಕು, ಡಿಸೆಂಬರ್ ಒಳ್ಳೆಯದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಕೆಎಸ್‌ಆರ್‌ಟಿಸಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ನಮ್ಮ ಕಡೆ ಖಾಸಗಿ ಬಸ್ಸೇ ಜಾಸ್ತಿ, ಅದರಲ್ಲಿ ಇದು ನಡೆಯುವುದಿಲ್ಲ, ಹಾಗಾಗಿ ಸರ್ಕಾರಿ ಬಸ್ಸಿನ ಸಮಯ ಮೊದಲೇ ವಿಚಾರಿಸಿ ಇಟ್ಟುಕೊಳ್ಳಿ. ಎಲ್ಲರೂ ಆಧಾರ್ ಕಾರ್ಡ್ ತರಬೇಕು. ಅರ್ಧ ದಿನಕ್ಕೆ ತುಂಗೆ ಭದ್ರೆ ಸೇರುವ ಕೂಡ್ಲಿ, ಅಥವಾ ಬೆಳಗ್ಗೆ ಬೇಗ ಹೊರಟು ಸಕ್ರೆಬೈಲಿನ ಆನೆ ಬಿಡಾರ. ಪೂರ್ತಿ ದಿನ ಇದ್ದರೆ ಸಾಗರಕ್ಕೆ ಹೋಗಿ ಇಕ್ಕೇರಿ, ಕೆಳದಿ. ಕೆಳದಿಗೆ ಹೋದಾಗ ನಮ್ಮಲ್ಲಿ ಒಬ್ಬರು ಮೊದಲೇ ಓದಿಕೊಂಡು ಬಂದು, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದ ಕೆಳದಿಯ ರಾಣಿ ಚೆನ್ನಮ್ಮನ ಕಥೆಯನ್ನು ಅಲ್ಲೇ ನೆಲದ ಮೇಲೆ ಕೂತು ಹೇಳಿದರು. ಅವರು ಓದಿದ್ದು ಏಳನೇ ತರಗತಿ. ಅಷ್ಟು ಚೆನ್ನಾಗಿ ಕಥೆ ಹೇಳುತ್ತಾರೆ ಎಂದು ಅವತ್ತಿನವರೆಗೆ ಯಾರಿಗೂ ಗೊತ್ತಿರಲಿಲ್ಲ.

ವಾಟ್ಸಾಪ್, ನೋಂದಣಿ, ಅಧಿಕಾರ ಬದಲಾವಣೆ

ವಾಟ್ಸಾಪ್ ಗ್ರೂಪಿನಲ್ಲಿ ಸಭೆಯ ಸೂಚನೆ, ಲೆಕ್ಕದ ಫೋಟೊ, ತುರ್ತು ಸಹಾಯ ಇಷ್ಟೇ ಇರಲಿ. ಗುಡ್ ಮಾರ್ನಿಂಗ್, ರಾಜಕೀಯ, ಎಲ್ಲಿಂದಲೋ ಬಂದ ಔಷಧದ ಸಂದೇಶ ಬೇಡ. ಸ್ಮಾರ್ಟ್‌ಫೋನ್ ಇಲ್ಲದವರ ಪಟ್ಟಿ ಮಾಡಿ, ಹತ್ತಿರದ ಮನೆಯವರಿಗೆ ಒಬ್ಬೊಬ್ಬರನ್ನು ವಹಿಸಿ. ಸಭೆಯ ಹಿಂದಿನ ದಿನ ಅವರು ಬಾಗಿಲಿಗೇ ಹೋಗಿ ಹೇಳಿ ಬರಬೇಕು.

ನೋಂದಣಿಗೆ ಅವಸರ ಬೇಡ, ಒಂದು ವರ್ಷ ಸರಿಯಾಗಿ ನಡೆಸಿ ನೋಡಿ. ಆಮೇಲೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಮಾಡಿಸಬಹುದು, ಕನಿಷ್ಠ ಏಳು ಜನ ಸದಸ್ಯರು ಬೇಕು, ಉದ್ದೇಶ ಮತ್ತು ನಿಯಮಗಳನ್ನು ಬರೆದು ಜಿಲ್ಲೆಯ ಸಂಘಗಳ ನೋಂದಣಾಧಿಕಾರಿಗೆ ಕೊಡಬೇಕು. ಮಾಡಿಸಿದ ಮೇಲೆ ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ಸಲ್ಲಿಸುತ್ತಿರಬೇಕು. ಬಹಳಷ್ಟು ಮಂಡಳಿಗಳು ಇದನ್ನು ಮರೆತು ಆಮೇಲೆ ಕಚೇರಿಗೆ ಅಲೆಯುತ್ತವೆ.

ಯಾವ ಹುದ್ದೆಯೂ ಎರಡು ವರ್ಷಕ್ಕಿಂತ ಜಾಸ್ತಿ ಒಬ್ಬರಲ್ಲಿ ಇರಬಾರದು. ನಾನು ಒಂಬತ್ತು ವರ್ಷ ಇದ್ದದ್ದು ತಪ್ಪು. ಬೇರೆಯವರಿಗೆ ಕಲಿಯುವ ಅವಕಾಶ ಅಷ್ಟು ವರ್ಷ ತಪ್ಪಿತು, ನನ್ನ ತಂಗಿಯಂಥ ಒಬ್ಬರು ಇದನ್ನು ನನಗೆ ನೇರವಾಗಿ ಹೇಳಿದ ಮೇಲೆ ಬಿಟ್ಟುಕೊಟ್ಟೆ. ಹೊಸ ಕಾರ್ಯದರ್ಶಿಯನ್ನು ಮೂರು ತಿಂಗಳು ಮೊದಲೇ ಆರಿಸಿ, ಅಷ್ಟು ದಿನ ಹಳಬರ ಪಕ್ಕದಲ್ಲಿ ಕೂರಿಸಿ ನಡವಳಿ ಬರೆಯಲು ಬಿಡಿ.

ನಮ್ಮ ಮಂಡಳಿಗೆ ಒಂದು ತಗಡಿನ ಟ್ರಂಕ್ ಇದೆ. ಹಾಜರಿ ಪುಸ್ತಕ, ನಡವಳಿ ಪುಸ್ತಕ, ನಗದು ಪುಸ್ತಕ, ರಸೀದಿ, ಪಾಸ್‌ಬುಕ್, ಪ್ರಶ್ನೆ ಡಬ್ಬಿ, ಹಾಡಿನ ನೋಟ್‌ಬುಕ್, ಇಪ್ಪತ್ತೈದು ಸ್ಟೀಲ್ ಲೋಟ. ಅಧಿಕಾರ ಕೊಡುವ ದಿನ ಒಂದೊಂದೇ ಹೊರಗೆ ತೆಗೆದು, ಎಲ್ಲರ ಎದುರು ಎಣಿಸಿ, ಪಟ್ಟಿಗೆ ಇಬ್ಬರೂ ಸಹಿ ಹಾಕಿ ಕೀಲಿಕೈ ಕೊಡಿ. ನಾನು ಕೊಟ್ಟ ದಿನ ಲೋಟ ಇಪ್ಪತ್ನಾಲ್ಕೇ ಇತ್ತು. ಅದನ್ನೂ ನಡವಳಿಯಲ್ಲಿ ಬರೆದೆವು.